ನಾಲ್ಕು ಇಂಪ್ಲಾಂಟ್, ಒಂದೇ ಬ್ರಿಡ್ಜ್: ಅಳತೆಗೆ ಪಾಲಿಈಥರ್ ಬೇಕೇ ಬೇಕಾ, ಅಡಿಷನ್ ಸಿಲಿಕೋನ್ ಸಾಕಾ?

ದುರ್ಗದ ಡಾಕ್ಟರ್

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ನನ್ನ ಕ್ಲಿನಿಕ್ ಇದೆ. ಒಂದು ಕೇಸ್ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು.

ಪೇಷಂಟ್‌ಗೆ ಅರವತ್ತು ದಾಟಿದೆ. ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲ. ನಾಲ್ಕು ಇಂಪ್ಲಾಂಟ್ ಹಾಕಿದ್ದೇವೆ. ನರ ತಪ್ಪಿಸಬೇಕಾಗಿದ್ದರಿಂದ ಹಿಂದಿನ ಎರಡನ್ನು ಸುಮಾರು 30 ಡಿಗ್ರಿ ವಾಲಿಸಿ ಕೂರಿಸಿದ್ದು. ಮೂಳೆ ಚೆನ್ನಾಗಿ ಹಿಡಿದಿದೆ. ಇನ್ನು ಮಲ್ಟಿ ಯೂನಿಟ್ ಅಬಟ್‌ಮೆಂಟ್ (ಇಂಪ್ಲಾಂಟ್ ಮೇಲೆ ಕೂರುವ ಜೋಡಣೆ ತುಂಡು) ಮೇಲೆ ಸ್ಕ್ರೂ ಹಾಕಿ ಕೂರಿಸುವ ಫಿಕ್ಸೆಡ್ ಬ್ರಿಡ್ಜ್ ಕೊಡಬೇಕು.

ಪ್ರಶ್ನೆ ಇಂಪ್ರೆಶನ್ ಬಗ್ಗೆ, ಅಂದರೆ ಬಾಯಿಯ ಅಚ್ಚು ತೆಗೆಯುವ ಬಗ್ಗೆ. ನನ್ನ ಹತ್ತಿರ ಇರುವ ಅಚ್ಚಿನ ರಬ್ಬರ್ ಅಡಿಷನ್ ಸಿಲಿಕೋನ್, ಅದರ ಪುಟ್ಟಿ (ಹಿಟ್ಟಿನಂತೆ ಗಟ್ಟಿ) ಮತ್ತು ಲೈಟ್ ಬಾಡಿ (ತೆಳು). ಕಾಲೇಜಿನಲ್ಲಿ "ಇಂಪ್ಲಾಂಟ್ ಅಂದ್ರೆ ಪಾಲಿಈಥರ್" ಅಂತಲೇ ಹೇಳಿಕೊಟ್ಟಿದ್ದರು. ಡೀಲರ್ ಕೂಡ ಅದನ್ನೇ ಹೇಳುತ್ತಾರೆ. ಅದೂ ಅಚ್ಚಿನ ರಬ್ಬರೇ, ಬೆಲೆ ನೋಡಿದರೆ ಸಿಲಿಕೋನ್‌ಗಿಂತ ಸಾಕಷ್ಟು ಜಾಸ್ತಿ. ಖರ್ಚು ಮಾಡಲು ಹಿಂಜರಿಕೆ ಇಲ್ಲ, ಆದರೆ ನಿಜವಾಗಿ ವ್ಯತ್ಯಾಸ ಇದೆಯಾ? ಪೇಷಂಟ್ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು. ಮೆಟಲ್ ಟ್ರಯಲ್ (ಬ್ರಿಡ್ಜ್‌ನ ಲೋಹದ ಫ್ರೇಮ್ ಹಾಕಿ ನೋಡುವ) ದಿನ ಕೂರಲಿಲ್ಲ ಅಂತ ವಾಪಸ್ ಕಳಿಸುವ ಪರಿಸ್ಥಿತಿ ಬರಬಾರದು.

ಮಲೆನಾಡು ದಂತ

ಸರ್, ನಾನು ಶಿವಮೊಗ್ಗದವನು. ಇಂಪ್ಲಾಂಟ್ ಕೇಸ್‌ಗಳನ್ನೆಲ್ಲ ಅಡಿಷನ್ ಸಿಲಿಕೋನ್‌ನಲ್ಲೇ ಮಾಡುತ್ತೇನೆ. ಚೆನ್ನಾಗೇ ಕೂರುತ್ತವೆ. ಒಂದು, ಎರಡು ಇಂಪ್ಲಾಂಟ್ ಇದ್ದರೆ ಕ್ಲೋಸ್ಡ್ ಟ್ರೇ (ಮೇಲೆ ಕಿಟಕಿ ಇಲ್ಲದ ಅಚ್ಚಿನ ತಟ್ಟೆ), ಪುಟ್ಟಿ, ಲೈಟ್ ಬಾಡಿ. ಅಷ್ಟೇ. ಪಾಲಿಈಥರ್ ಗಟ್ಟಿಯಾದ ಮೇಲೆ ಬಾಯಿಂದ ತೆಗೆಯುವುದೇ ದೊಡ್ಡ ಕೆಲಸ. ಕಹಿ ಬೇರೆ. ಪೇಷಂಟ್ ಮುಖ ಹಿಂಡುತ್ತಾರೆ.

ಪ್ರಾಸ್ತೋ ಧಾರವಾಡ

ಮಲೆನಾಡು ಸರ್ ಹೇಳಿದ್ದು ಒಂದು, ಎರಡು ಇಂಪ್ಲಾಂಟ್‌ಗೆ ಸರಿ. ದುರ್ಗದ ಡಾಕ್ಟರ್ ಕೇಸ್ ಬೇರೆ. ನಾಲ್ಕು ಇಂಪ್ಲಾಂಟ್, ಅದರಲ್ಲಿ ಎರಡು ವಾಲಿವೆ, ಎಲ್ಲವನ್ನೂ ಒಂದೇ ಗಟ್ಟಿ ಫ್ರೇಮ್‌ವರ್ಕ್ ಹಿಡಿದುಕೊಳ್ಳಬೇಕು. ಇಲ್ಲಿ ಲೆಕ್ಕವೇ ಬದಲಾಗುತ್ತದೆ.

ಸ್ವಂತ ಹಲ್ಲಿಗೂ ಮೂಳೆಗೂ ನಡುವೆ ಒಂದು ತೆಳು ತಂತುಪದರ ಇರುತ್ತದೆ. ಅದರಿಂದಾಗಿ ಹಲ್ಲು 25ರಿಂದ 100 ಮೈಕ್ರಾನ್‌ವರೆಗೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಲುಗಬಲ್ಲದು. ಬ್ರಿಡ್ಜ್‌ನಲ್ಲಿ ಸಣ್ಣ ತಪ್ಪಿದ್ದರೂ ಹಲ್ಲೇ ಸ್ವಲ್ಪ ಸರಿದು ಹೊಂದಿಕೊಳ್ಳುತ್ತದೆ. ಇಂಪ್ಲಾಂಟ್‌ಗೆ ಆ ಪದರ ಇಲ್ಲ. ಟೈಟಾನಿಯಂ ನೇರವಾಗಿ ಮೂಳೆಗೆ ಅಂಟಿದೆ. ನೇರ ಒತ್ತಿದರೆ ಅಲುಗುವುದು 3ರಿಂದ 5 ಮೈಕ್ರಾನ್. ಹಾಗಾಗಿ ತಪ್ಪಿದ್ದರೆ ಅದರ ಒತ್ತಡ ಪೂರ್ತಿ ಸ್ಕ್ರೂ ಮೇಲೆ, ಫ್ರೇಮ್ ಮೇಲೆ, ಪೋರ್ಸಲಿನ್ ಮೇಲೆ ಬೀಳುತ್ತದೆ. ಸ್ಕ್ರೂ ಬಿಗಿ ಮಾಡಿದಾಗ ಬ್ರಿಡ್ಜ್ "ಕೂತ ಹಾಗೆ" ಕಾಣುತ್ತದೆ. ಕೂತಿರುವುದಿಲ್ಲ, ಎಳೆದು ಕೂರಿಸಿರುತ್ತೇವೆ.

ಈಗ ಮೆಟೀರಿಯಲ್ ವಿಷಯ. 24 ಗಂಟೆಯಲ್ಲಿ ಎಷ್ಟು ಕುಗ್ಗುತ್ತವೆ ಅಂತ ಪಠ್ಯಪುಸ್ತಕಗಳಲ್ಲಿ ಇರುವ ಅಂಕಿ ಹೆಚ್ಚುಕಡಿಮೆ ಹೀಗಿದೆ: ಅಡಿಷನ್ ಸಿಲಿಕೋನ್ ಸುಮಾರು 0.15%, ಪಾಲಿಈಥರ್ 0.2%, ಪಾಲಿಸಲ್ಫೈಡ್ 0.4%, ಕಂಡೆನ್ಸೇಷನ್ ಸಿಲಿಕೋನ್ 0.6%ವರೆಗೆ. ಕಂಡೆನ್ಸೇಷನ್ ಸಿಲಿಕೋನ್ ಸೆಟ್ ಆಗುವಾಗ ಆಲ್ಕೋಹಾಲ್ ಹೊರಬರುತ್ತದೆ, ಅದು ಆವಿಯಾದ ಹಾಗೆಲ್ಲ ಅಚ್ಚು ಕುಗ್ಗುತ್ತಾ ಹೋಗುತ್ತದೆ. ಅಡಿಷನ್ ಸಿಲಿಕೋನ್‌ನಲ್ಲಿ ಹಾಗೆ ಹೊರಬರುವ ವಸ್ತು ಇಲ್ಲ.

ನಿಮ್ಮ ಕೇಸ್‌ನಲ್ಲಿ ಎರಡು ತುದಿಯ ಇಂಪ್ಲಾಂಟ್ ನಡುವೆ 40 ಮಿಲಿಮೀಟರ್ ಅಂತಿಟ್ಟುಕೊಳ್ಳಿ. 0.6% ಅಂದರೆ 240 ಮೈಕ್ರಾನ್. 0.2% ಅಂದರೆ 80. 0.15% ಅಂದರೆ 60. ಪಾಲಿಈಥರ್‌ಗೂ ಅಡಿಷನ್ ಸಿಲಿಕೋನ್‌ಗೂ ಇರುವ ಅಂತರ ಬರೀ 20 ಮೈಕ್ರಾನ್, ಅದೂ ಸಿಲಿಕೋನ್ ಪರವಾಗಿ. ಕಂಡೆನ್ಸೇಷನ್ ಸಿಲಿಕೋನ್ ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ. ಅಗ್ಗ ಅಂತ ಎಷ್ಟೋ ಕಡೆ ಇಂದಿಗೂ ಬಳಸುತ್ತಾರೆ, ನೋಡಿದರೆ ಸಂಕಟ ಆಗುತ್ತದೆ.

ಹಾಗಾದರೆ ಪಾಲಿಈಥರ್ ಯಾಕೆ ಇಷ್ಟು ಹೆಸರು ಮಾಡಿತು? ಕುಗ್ಗುವಿಕೆ ಕಾರಣ ಅಲ್ಲ, ಬಿಗುವು. ಸೆಟ್ ಆದ ಮೇಲೆ ಅದು ಕೋಪಿಂಗನ್ನು (ಅಳತೆಗೆಂದು ಇಂಪ್ಲಾಂಟ್ ಮೇಲೆ ಕೂರಿಸುವ ತುಂಡು) ಬಿಗಿಯಾಗಿ ಹಿಡಿಯುತ್ತದೆ. ಲ್ಯಾಬ್‌ನಲ್ಲಿ ಅನಲಾಗ್ (ಮಾಡೆಲ್‌ನಲ್ಲಿ ಇಂಪ್ಲಾಂಟ್‌ನ ಜಾಗದಲ್ಲಿರುವ ಪ್ರತಿರೂಪ) ತಿರುಗಿಸಿ ಹಾಕುವಾಗ ಕೋಪಿಂಗ್ ಅಚ್ಚಿನೊಳಗೆ ಜರುಗುವುದಿಲ್ಲ. 2000ರಲ್ಲಿ ವೀ ಅನ್ನುವವರು ಇದನ್ನೇ ಅಳೆದು ನೋಡಿದರು. ಕೋಪಿಂಗನ್ನು ತಿರುಗಿಸಲು ಅತಿ ಹೆಚ್ಚು ಬಲ ಬೇಕಾಗಿದ್ದು ಮೀಡಿಯಂ ಬಾಡಿ ಪಾಲಿಈಥರ್‌ನಲ್ಲಿ. ಆದರೂ ಕೊನೆಗೆ ಮಾಡೆಲ್ ನಿಖರತೆ ನೋಡಿದಾಗ ಪಾಲಿಈಥರ್, ಅಡಿಷನ್ ಸಿಲಿಕೋನ್ ಎರಡನ್ನೂ ಅವರು ಶಿಫಾರಸು ಮಾಡಿದರು.

ನನ್ನ ಅಭಿಪ್ರಾಯ ಇಷ್ಟು: ಕೋಪಿಂಗ್‌ಗಳನ್ನು ಒಂದಕ್ಕೊಂದು ಜೋಡಿಸಿ, ಓಪನ್ ಟ್ರೇಯಲ್ಲಿ (ಕಿಟಕಿಯಿಂದ ಸ್ಕ್ರೂ ಬಿಚ್ಚಿ, ಕೋಪಿಂಗ್ ಅಚ್ಚಿನ ಜೊತೆಗೇ ಬರುವ ಹಾಗೆ) ತೆಗೆದರೆ ಈ ಎರಡರಲ್ಲಿ ಯಾವುದಾದರೂ ಸರಿ. ಜೋಡಿಸದೇ ತೆಗೆದರೆ ಪಾಲಿಈಥರ್ ಕೂಡ ನಿಮ್ಮನ್ನು ಕಾಪಾಡುವುದಿಲ್ಲ.

ಲ್ಯಾಬ್ ಕಡೆಯಿಂದ

ನಾನು ಬೆಂಗಳೂರಿನಲ್ಲಿ ಲ್ಯಾಬ್ ಟೆಕ್ನೀಶಿಯನ್. ಧಾರವಾಡದ ಸರ್ ಹೇಳಿದ ಕೊನೆಯ ಮಾತಿಗೆ ಸಾವಿರ ಸಲ ಹೌದು.

ಡಾಕ್ಟರ್‌ಗಳು ಮೆಟೀರಿಯಲ್ ಹೆಸರು ಕೇಳುತ್ತಾರೆ. ನಮಗೆ ಬರುವ ಡಬ್ಬಿ ತೆಗೆದಾಗ ನಾನು ಮೊದಲು ನೋಡುವುದು ಟ್ರೇ. ತೆಳು ಪ್ಲಾಸ್ಟಿಕ್ ಸ್ಟಾಕ್ ಟ್ರೇ ಇದ್ದರೆ ಅದರ ಎರಡು ಬದಿ ಹಿಡಿದು ಬೆರಳಿನಲ್ಲಿ ಮೆಲ್ಲಗೆ ಒತ್ತುತ್ತೇನೆ. ಬಾಗಿದರೆ ಅಲ್ಲೇ ಗೊತ್ತಾಗುತ್ತದೆ. ಪುಟ್ಟಿ ತುಂಬಿ ಬಾಯಿಗೆ ಒತ್ತಿದಾಗ ಅದು ಹೊರಕ್ಕೆ ಅಗಲಿಸಿರುತ್ತದೆ, ಬಾಯಿಂದ ತೆಗೆದ ಮೇಲೆ ಒಳಕ್ಕೆ ಬಂದಿರುತ್ತದೆ. ಕಣ್ಣಿಗೆ ಇಂಪ್ರೆಶನ್ ಬಹಳ ಚಂದ ಕಾಣುತ್ತದೆ. ಒಂದು ಗುಳ್ಳೆ ಇಲ್ಲ. ಆದರೆ ಅಳತೆ ಹೋಗಿರುತ್ತದೆ.

ಎರಡನೆಯದು ಅಂಚು. ಟ್ರೇಗೆ ಅಡ್ಹೆಸಿವ್ ಹಚ್ಚಿರದಿದ್ದರೆ ಅಂಚಿನಲ್ಲಿ ಮೆಟೀರಿಯಲ್ ಉಗುರಿಗೆ ಸಿಕ್ಕಿ ಎದ್ದು ಬರುತ್ತದೆ. ಅಂಟಿದ್ದರೆ ಕುಗ್ಗುವಾಗ ಟ್ರೇ ಗೋಡೆಯ ಕಡೆಗೆ ಕುಗ್ಗುತ್ತದೆ, ಅಂಟಿರದಿದ್ದರೆ ಹೇಗೆ ಬೇಕೋ ಹಾಗೆ. ಅಡ್ಹೆಸಿವ್ ಹಚ್ಚಿದ ಕೂಡಲೇ ಮೆಟೀರಿಯಲ್ ತುಂಬುವವರೂ ಇದ್ದಾರೆ. ಒಣಗಲು ಬಿಡಬೇಕು. ಬಾಟಲಿ ಮೇಲೆ ಬರೆದಷ್ಟು ಹೊತ್ತು ಬಿಟ್ಟರೆ ಸಾಕು. ಹಸಿ ಅಡ್ಹೆಸಿವ್ ಜಾರುತ್ತದೆ.

ಮೂರನೆಯದು, ಅನಲಾಗ್ ಯಾರು ಹಾಕಿದ್ದು ಅನ್ನುವುದು. ಕ್ಲಿನಿಕ್‌ನಲ್ಲೇ ಹಾಕಿ ಕಳಿಸುತ್ತಾರೆ. ಹಾಕುವಾಗ ಅನಲಾಗನ್ನು ಆರ್ಟರಿ ಫೋರ್ಸೆಪ್ಸ್‌ನಲ್ಲಿ ಗಟ್ಟಿಯಾಗಿ ಹಿಡಿದು, ಅದು ಒಂದಿಷ್ಟೂ ತಿರುಗದ ಹಾಗೆ ಸ್ಕ್ರೂ ಬಿಗಿ ಮಾಡಬೇಕು. ಹಿಡಿಯದೆ ಬಿಗಿ ಮಾಡಿದರೆ ಸ್ಕ್ರೂ ಜೊತೆ ಕೋಪಿಂಗೂ ತಿರುಗುತ್ತದೆ. ಸಿಲಿಕೋನ್‌ನಲ್ಲಿ ತಿರುಗಿದ್ದು ಗೊತ್ತೇ ಆಗುವುದಿಲ್ಲ, ಬಿಟ್ಟ ಮೇಲೆ ಅರ್ಧ ವಾಪಸ್ ಬರುತ್ತದೆ, ಅರ್ಧ ಬರುವುದಿಲ್ಲ. ಲೂಪ್ಸ್ ಹಾಕಿ ನೋಡಿದರೆ ಕೋಪಿಂಗ್ ಸುತ್ತ ಮೆಟೀರಿಯಲ್‌ನಲ್ಲಿ ಕೂದಲೆಳೆಯಂತಹ ಸೀಳು ಕಾಣುತ್ತದೆ. ಅಂಥ ಇಂಪ್ರೆಶನ್ ಬಂದಾಗ ನಾನು ಫೋನ್ ಮಾಡಿ ಹೇಳುತ್ತೇನೆ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಆ ಮಾಡೆಲ್ ಮೇಲೆ ಫ್ರೇಮ್ ಮಾಡಿ ಕಳಿಸಿದರೆ ನಷ್ಟ ಪೇಷಂಟ್‌ಗೆ.

ಅಮ್ಮನ ಹಲ್ಲು

ನಾನು ಡಾಕ್ಟರ್ ಅಲ್ಲ. ಹುಡುಕುತ್ತಾ ಇಲ್ಲಿಗೆ ಬಂದೆ. ನಮ್ಮ ಅಮ್ಮನಿಗೆ ಮೇಲ್ದವಡೆಗೆ ಇಂಪ್ಲಾಂಟ್ ಹಾಕಿದ್ದಾರೆ. ಅಳತೆ ಒಮ್ಮೆ ತೆಗೆದರು, ಆಮೇಲೆ ಕೆಂಪು ಅಂಟಿನಂಥದ್ದನ್ನು ಬಾಯಲ್ಲೇ ಜೋಡಿಸಿ, ಕತ್ತರಿಸಿ, ಮತ್ತೆ ಜೋಡಿಸಿ ಇನ್ನೊಮ್ಮೆ ತೆಗೆದರು. ಬಹಳ ಹೊತ್ತು ಬಾಯಿ ತೆರೆದು ಕೂರಬೇಕಾಯಿತು. ಅಮ್ಮ ಸುಸ್ತಾದರು. ಮೊದಲ ಸಲ ಸರಿ ಬರಲಿಲ್ಲ ಅಂತ ಹೀಗೆ ಮಾಡಿದರಾ? ಕೇಳಲು ಸಂಕೋಚ ಆಯಿತು.

ಪ್ರಾಸ್ತೋ ಧಾರವಾಡ

ಖಂಡಿತ ಇಲ್ಲಮ್ಮ. ನಿಮ್ಮ ಡಾಕ್ಟರ್ ಬಹಳ ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ. ಮೊದಲನೆಯದು ಸಾಮಾನ್ಯವಾಗಿ ಆಲ್ಜಿನೇಟ್ ಅನ್ನುವ ಪುಡಿಯಲ್ಲಿ ತೆಗೆಯುವ ಪ್ರಾಥಮಿಕ ಅಳತೆ. ಅದರ ಮೇಲೆ ನಿಮ್ಮ ತಾಯಿಯ ಬಾಯಿಗೆ ತಕ್ಕ ಟ್ರೇ ತಯಾರು ಮಾಡುತ್ತಾರೆ. ಎರಡನೆಯದು ನಿಜವಾದ ಅಳತೆ. ಆ ಕೆಂಪು ವಸ್ತು ಪ್ಯಾಟರ್ನ್ ರೆಸಿನ್. ಇಂಪ್ಲಾಂಟ್‌ಗಳು ಒಂದಕ್ಕೊಂದು ಎಲ್ಲಿವೆ ಅನ್ನುವುದನ್ನು ಅದು ಬಾಯಲ್ಲೇ ಭದ್ರ ಮಾಡುತ್ತದೆ. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ ಅಂತಿಟ್ಟುಕೊಳ್ಳಿ, ಇಲ್ಲಿ ಅದಕ್ಕಿಂತ ಕಡಿಮೆ ವ್ಯತ್ಯಾಸಕ್ಕಾಗಿ ಒದ್ದಾಟ. ಕತ್ತರಿಸಿ ಮತ್ತೆ ಜೋಡಿಸಿದ್ದು ರೆಸಿನ್ ಕುಗ್ಗುವಿಕೆಯನ್ನು ಕಡಿಮೆ ಮಾಡಲು. ಮುಂದಿನ ಸಲ ಹೋದಾಗ ಸಂಕೋಚ ಬಿಟ್ಟು ಕೇಳಿ. ಇಷ್ಟು ಕಾಳಜಿ ಇರುವವರು ಖುಷಿಯಿಂದಲೇ ಹೇಳುತ್ತಾರೆ.

ಅಮ್ಮನ ಹಲ್ಲು

ತುಂಬಾ ಧನ್ಯವಾದ ಡಾಕ್ಟ್ರೆ. ಅಮ್ಮನಿಗೆ ಓದಿ ಹೇಳಿದೆ. ಸಮಾಧಾನ ಆಯಿತು.

ಕರಾವಳಿ ಸ್ಕ್ಯಾನ್

ಮಂಗಳೂರಿನಿಂದ. ಇಷ್ಟೆಲ್ಲ ಕಷ್ಟ ಯಾಕೆ ಸರ್? ಸ್ಕ್ಯಾನ್ ಬಾಡಿ (ಇಂಪ್ಲಾಂಟ್ ಸ್ಥಾನ ತೋರಿಸುವ ಗುರುತಿನ ತುಂಡು) ಹಾಕಿ ಬಾಯೊಳಗಿನ ಇಂಟ್ರಾಓರಲ್ ಸ್ಕ್ಯಾನರ್‌ನಲ್ಲಿ ತೆಗೆದರೆ ಕುಗ್ಗುವುದೂ ಇಲ್ಲ, ಉಬ್ಬುವುದೂ ಇಲ್ಲ. ಟ್ರೇ ಇಲ್ಲ, ಅಡ್ಹೆಸಿವ್ ಇಲ್ಲ, ಕೊರಿಯರ್ ಇಲ್ಲ. ಪೇಷಂಟ್‌ಗೆ ವಾಂತಿ ಬಂದ ಹಾಗೂ ಆಗುವುದಿಲ್ಲ. ಒಂದು ಕ್ರೌನ್‌ಗೆ, ಮೂರು ಯೂನಿಟ್ ಬ್ರಿಡ್ಜ್‌ಗೆ ನಾನು ಇಂಪ್ರೆಶನ್ ಮೆಟೀರಿಯಲ್ ಮುಟ್ಟುವುದೇ ಇಲ್ಲ.

ಪ್ರಾಸ್ತೋ ಧಾರವಾಡ

> ಒಂದು ಕ್ರೌನ್‌ಗೆ, ಮೂರು ಯೂನಿಟ್ ಬ್ರಿಡ್ಜ್‌ಗೆ

ಅಲ್ಲಿಗೆ ಸ್ಕ್ಯಾನರ್ ಒಳ್ಳೆಯದು, ನಾನೂ ಒಪ್ಪುತ್ತೇನೆ. ಹಲ್ಲೇ ಇಲ್ಲದ ಪೂರ್ತಿ ದವಡೆಯಲ್ಲಿ ಒಂದು ತೊಡಕು ಇದೆ. ಸ್ಕ್ಯಾನರ್ ಒಂದೇ ಸಲಕ್ಕೆ ಇಡೀ ದವಡೆ ನೋಡುವುದಿಲ್ಲ. ಸಣ್ಣ ಸಣ್ಣ ಚಿತ್ರ ತೆಗೆದು ಒಂದರ ಪಕ್ಕ ಒಂದು ಹೊಲಿಯುತ್ತಾ ಹೋಗುತ್ತದೆ. ಹೊಲಿಯಲು ಗುರುತು ಬೇಕು. ಹಲ್ಲುಗಳಿದ್ದರೆ ಗುಂಡಿ, ಅಂಚು ಎಲ್ಲ ಇರುತ್ತವೆ. ಬರೀ ನುಣುಪಾದ ಒಸಡು, ಮೇಲೆ ಎಂಜಲು, ಸ್ಕ್ಯಾನ್ ಬಾಡಿಗಳ ನಡುವೆ ದೂರ ಜಾಸ್ತಿ. ಪ್ರತಿ ಹೊಲಿಗೆಯಲ್ಲೂ ಸ್ವಲ್ಪ ಸ್ವಲ್ಪ ತಪ್ಪು ಸೇರುತ್ತಾ, ಒಂದು ತುದಿಯಿಂದ ಹೊರಟು ಇನ್ನೊಂದು ತುದಿಗೆ ಬರುವಷ್ಟರಲ್ಲಿ ಅದು ದೊಡ್ಡದಾಗಿರುತ್ತದೆ. ಇದಕ್ಕೆಂದೇ ಫೋಟೋಗ್ರಾಮೆಟ್ರಿ ಬಂದಿದೆ. ಅದರಲ್ಲಿ ಗುರುತು ಹಾಕಿದ ಸ್ಕ್ಯಾನ್ ಬಾಡಿಗಳನ್ನು ಬಾಯಿಯ ಹೊರಗಿಂದ ವಿಶೇಷ ಕ್ಯಾಮೆರಾ ನೋಡಿ ಸ್ಥಾನ ಲೆಕ್ಕ ಹಾಕುತ್ತದೆ. ಚೆನ್ನಾಗಿದೆ, ಆದರೆ ಚಿತ್ರದುರ್ಗದ ಒಬ್ಬರ ಕ್ಲಿನಿಕ್‌ನಲ್ಲಿ ಅದರ ಮೇಲೆ ಹಣ ಹೂಡಿ ಅನ್ನುವುದು ನ್ಯಾಯ ಅಲ್ಲ.

ಕರಾವಳಿ ಸ್ಕ್ಯಾನ್

ಸರಿ ಸರ್, ಪೂರ್ತಿ ದವಡೆಗೆ ನಾನೂ ಸ್ಕ್ಯಾನ್ ಒಂದನ್ನೇ ನಂಬುವುದಿಲ್ಲ. ವೆರಿಫಿಕೇಷನ್ ಜಿಗ್ (ಮಾಡೆಲ್ ಸರಿಯಿದೆಯಾ ಅಂತ ಬಾಯಲ್ಲಿಟ್ಟು ನೋಡುವ ಜೋಡಣೆ) ಮಾಡಿಸಿಯೇ ಮುಂದೆ ಹೋಗುವುದು. ಅದನ್ನು ಮೊದಲೇ ಹೇಳಬೇಕಿತ್ತು ಅನಿಸುತ್ತದೆ, ಯಾಕೆಂದರೆ ಡಿಜಿಟಲ್ ಇರಲಿ ಪಾಲಿಈಥರ್ ಇರಲಿ, ಜಿಗ್ ಇಬ್ಬರಿಗೂ ಬೇಕು.

ಬಿಸಿಲೂರು

ಕಲಬುರಗಿಯಿಂದ ಬರೆಯುತ್ತಿದ್ದೇನೆ. ಯಾರೂ ಸೆಕೆ ವಿಷಯ ಎತ್ತಲಿಲ್ಲವಲ್ಲ!

ಡಬ್ಬಿ ಮೇಲೆ ಬರೆದ ವರ್ಕಿಂಗ್ ಟೈಮ್ ಎಲ್ಲ 23 ಡಿಗ್ರಿ ಕೋಣೆಗೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುತ್ತದೆ. ಕರೆಂಟ್ ಹೋಗಿ ಎಸಿ ನಿಂತರೆ ಕೋಣೆಯೂ ಕಾದ ಬಂಡೆ. ಆಗ ಅಡಿಷನ್ ಸಿಲಿಕೋನ್ ನೋಡನೋಡುತ್ತಲೇ ಸೆಟ್ ಆಗಲು ಶುರು. ನಾಲ್ಕು ಕೋಪಿಂಗ್ ಸುತ್ತ ಸಿರಿಂಜ್‌ನಲ್ಲಿ ಹಾಕಿ ಮುಗಿಸುವಷ್ಟರಲ್ಲಿ ಮೊದಲನೆಯದರ ಸುತ್ತ ಇರುವುದು ಅರ್ಧ ರಬ್ಬರ್ ಆಗಿರುತ್ತದೆ. ಟ್ರೇ ಕೂರಿಸಿದಾಗ ಎರಡೂ ಬೆರೆಯುವುದಿಲ್ಲ, ಒಳಗೆ ಒತ್ತಡ ಉಳಿದುಬಿಡುತ್ತದೆ. ಬಾಯಿಂದ ತೆಗೆದ ಮೇಲೆ ಅದು ತನ್ನ ಆಕಾರಕ್ಕೆ ಹೋಗಲು ನೋಡುತ್ತದೆ. ಕಣ್ಣಿಗೆ ಕಾಣದ ತಪ್ಪು ಅಂದರೆ ಇದೇ.

ಹಾಗಾಗಿ ಬೇಸಿಗೆಯಲ್ಲಿ ಇಂಥ ಕೇಸ್‌ಗಳನ್ನು ಬೆಳಗ್ಗೆ ಮೊದಲು ಇಟ್ಟುಕೊಳ್ಳುತ್ತೇನೆ. ಸಿಲಿಕೋನ್ ಕಾರ್ಟ್ರಿಜ್ ಫ್ರಿಜ್‌ನಲ್ಲಿಟ್ಟು ಬಳಸುವ ಸ್ವಲ್ಪ ಮುಂಚೆ ಹೊರಗೆ ತೆಗೆಯುತ್ತೇನೆ. ರೆಗ್ಯುಲರ್ ಸೆಟ್ ತರಿಸಿ, ಫಾಸ್ಟ್ ಸೆಟ್ ಬೇಡ.

ಕಳಿಸುವ ವಿಷಯವೂ ಇದೆ. ಇಂಪ್ರೆಶನ್ ಡಬ್ಬಿಯನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕಿ ಬೆಂಗಳೂರಿಗೆ ಕಳಿಸುತ್ತೇವಲ್ಲ, ಅದರೊಳಗೆ ಎಷ್ಟು ಕಾಯುತ್ತದೆ ಅಂತ ಯೋಚಿಸಿ. ಸಾಧ್ಯವಾದರೆ ಕ್ಲಿನಿಕ್‌ನಲ್ಲೇ ಮಾಡೆಲ್ ಹಾಕಿ ಕಳಿಸುವುದು ಒಳ್ಳೆಯದು.

ಲ್ಯಾಬ್ ಕಡೆಯಿಂದ

ಬಿಸಿಲೂರು ಸರ್ ಮಾತಿಗೆ ಒಂದು ಸೇರಿಸುತ್ತೇನೆ. ಕ್ಲಿನಿಕ್‌ನಲ್ಲಿ ಮಾಡೆಲ್ ಹಾಕುವುದಾದರೆ ಟೈಪ್ 4 ಡೈ ಸ್ಟೋನ್ (ಮಾಡೆಲ್ ಮಾಡುವ ಗಟ್ಟಿ ಜಿಪ್ಸಮ್ ಪುಡಿ) ಬಳಸಿ, ನೀರು ಅಳೆದು ಹಾಕಿ. ಕಣ್ಣಂದಾಜಿನಲ್ಲಿ ಕಲಸಿದ ಸ್ಟೋನ್ ಎಷ್ಟು ಉಬ್ಬುತ್ತದೆ ಅಂತ ಹೇಳಲು ಆಗುವುದಿಲ್ಲ. ಸರಿಯಾಗಿ ಕಲಸಿದ ಟೈಪ್ 4 ಹೆಚ್ಚೆಂದರೆ 0.1% ಉಬ್ಬುತ್ತದೆ. ಮಾಮೂಲಿ ಪ್ಲಾಸ್ಟರ್ ಅದಕ್ಕಿಂತ ಜಾಸ್ತಿ. ಇಷ್ಟು ದುಬಾರಿ ಅಚ್ಚು ತೆಗೆದು ಅದರಲ್ಲಿ ಬಿಳಿ ಪ್ಲಾಸ್ಟರ್ ಸುರಿದು ಕಳಿಸಿದ್ದನ್ನು ನೋಡಿದ್ದೇನೆ.

ಪಾಲಿಈಥರ್ ಕಳಿಸುವವರು ಒಂದು ನೆನಪಿಡಿ. ಅದಕ್ಕೆ ನೀರು ಆಗದು. ನೀರು ಹೀರಿ ಉಬ್ಬುತ್ತದೆ. ಎದುರಿನ ದವಡೆಯ ಆಲ್ಜಿನೇಟ್ ಇಂಪ್ರೆಶನ್‌ಗೆ ಒದ್ದೆ ಹತ್ತಿ ಸುತ್ತಿ, ಅದೇ ಕವರಿನಲ್ಲಿ ಪಾಲಿಈಥರನ್ನೂ ಹಾಕುತ್ತಾರೆ. ಬೇರೆ ಬೇರೆ ಕವರ್ ಹಾಕಿ. ಡಿಸ್‌ಇನ್‌ಫೆಕ್ಟೆಂಟ್‌ನಲ್ಲೂ ರಾತ್ರಿಯಿಡೀ ನೆನೆಸಬೇಡಿ, 10 ನಿಮಿಷದೊಳಗೆ ತೆಗೆದು, ತೊಳೆದು, ಗಾಳಿ ಹೊಡೆದು ಒಣಗಿಸಿ.

ದುರ್ಗದ ಡಾಕ್ಟರ್

ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಓಪನ್ ಟ್ರೇ, ಜೋಡಿಸಿ ತೆಗೆಯುವುದು ಅಂತ ನಿರ್ಧಾರ ಮಾಡಿದ್ದೇನೆ. ಧಾರವಾಡದ ಸರ್, ಜೋಡಿಸುವ ಕ್ರಮ ನೀವು ಹೇಗೆ ಮಾಡುತ್ತೀರಿ? ಫ್ಲಾಸ್ ಕಟ್ಟಿ ರೆಸಿನ್ ಹಾಕುವುದು ಗೊತ್ತು. ಕತ್ತರಿಸಲೇಬೇಕಾ? ಇನ್ನೊಂದು, ಪುಟ್ಟಿ ಬಳಸಬಹುದಾ?

ಪ್ರಾಸ್ತೋ ಧಾರವಾಡ

ಕತ್ತರಿಸಲೇಬೇಕು. ಕಾರಣ ಹೇಳುತ್ತೇನೆ.

ಪ್ಯಾಟರ್ನ್ ರೆಸಿನ್ ಕೂಡ ಕುಗ್ಗುತ್ತದೆ, ಅದೂ ಇಂಪ್ರೆಶನ್ ಮೆಟೀರಿಯಲ್‌ಗಿಂತ ಬಹಳ ಜಾಸ್ತಿ. 1990ರಲ್ಲಿ ಮೋಜೋನ್ ಮತ್ತು ಅವರ ಜೊತೆಗಾರರು ಅಳೆದಾಗ ಒಟ್ಟು ಗಾತ್ರದಲ್ಲಿ 6ರಿಂದ 8% ಕುಗ್ಗಿತ್ತು, ಅದರಲ್ಲಿ 80% ಮೊದಲ 17 ನಿಮಿಷದೊಳಗೆ. ಅಂದರೆ ನಾಲ್ಕು ಕೋಪಿಂಗ್‌ಗೆ ಒಂದೇ ಸಲ ದಪ್ಪ ರೆಸಿನ್ ಹಚ್ಚಿ ಕೂಡಲೇ ಟ್ರೇ ಕೂರಿಸಿದರೆ, ಕುಗ್ಗುವ ರೆಸಿನ್ ಕೋಪಿಂಗ್‌ಗಳನ್ನು ಒಳಕ್ಕೆ ಎಳೆಯುತ್ತಿರುತ್ತದೆ. ಸ್ಕ್ರೂ ಬಿಚ್ಚಿದ ಕ್ಷಣ ಅವು ಸರಿಯುತ್ತವೆ. ಜೋಡಿಸದೇ ಇದ್ದಿದ್ದರೇ ವಾಸಿ ಅನ್ನುವ ಹಾಗಾಗುತ್ತದೆ.

ನಾನು ಮಾಡುವುದು ಹೀಗೆ. ಮೊದಲ ಮಾಡೆಲ್ ಮೇಲೆ ಹಿಂದಿನ ದಿನವೇ ಕೋಪಿಂಗ್‌ಗಳನ್ನು ಕೂರಿಸಿ, ಫ್ಲಾಸ್ ಸುತ್ತಿ, ರೆಸಿನ್ ಹಚ್ಚಿ ಬಿಡುತ್ತೇನೆ. ಗಟ್ಟಿಯಾದ ಮೇಲೆ ಪ್ರತಿ ಎರಡು ಕೋಪಿಂಗ್ ನಡುವೆ ತೆಳು ಡಿಸ್ಕ್‌ನಲ್ಲಿ ಕತ್ತರಿಸುತ್ತೇನೆ. ಮರುದಿನ ಆ ತುಂಡುಗಳನ್ನು ಬಾಯಲ್ಲಿ ಕೂರಿಸಿ, ಆರ್‌ವಿಜಿ (ಹಲ್ಲಿನ ಡಿಜಿಟಲ್ ಎಕ್ಸ್‌ರೇ) ತೆಗೆದು ಪ್ರತಿ ಕೋಪಿಂಗೂ ಅಬಟ್‌ಮೆಂಟ್ ಮೇಲೆ ಪೂರ್ತಿ ಕೂತಿದೆಯಾ ಅಂತ ನೋಡುತ್ತೇನೆ. ತುಂಡುಗಳು ಒಂದಕ್ಕೊಂದು ತಾಗಬಾರದು, ನಡುವೆ ಕಾಗದ ಹೋಗುವಷ್ಟು ಸಂದು ಇರಬೇಕು. ತಾಗುತ್ತಿದ್ದರೆ ಇನ್ನೊಂದು ಸಲ ಡಿಸ್ಕ್ ಓಡಿಸಿ. ಆಮೇಲೆ ಬ್ರಷ್‌ನಲ್ಲಿ ಒಂದೊಂದೇ ಹನಿ ರೆಸಿನ್ ಇಟ್ಟು ಆ ಸಂದು ಮುಚ್ಚುವುದು. ರೆಸಿನ್ ಪ್ರಮಾಣ ಕಡಿಮೆ, ಹಾಗಾಗಿ ಕುಗ್ಗುವುದೂ ಕಡಿಮೆ. ಆದರೂ ಪೂರ್ತಿ ಗಟ್ಟಿಯಾಗುವವರೆಗೆ ಕಾಯಿರಿ. ಪೇಷಂಟ್‌ಗೆ ಮೊದಲೇ ಹೇಳಿ ಕೂರಿಸಿದರೆ ಸಹಕರಿಸುತ್ತಾರೆ.

ಟ್ರೇ ಅಕ್ರಿಲಿಕ್‌ನಲ್ಲಿ ಮಾಡಿಸಿ, ಸ್ಕ್ರೂಗಳ ಜಾಗದಲ್ಲಿ ಕಿಟಕಿ ಬಿಡಿ, ಕಿಟಕಿಗೆ ಮೇಣದ ಹಾಳೆ ಅಂಟಿಸಿ. ಮೆಟೀರಿಯಲ್ ಒತ್ತಿದಾಗ ಸ್ಕ್ರೂ ತಲೆಗಳು ಮೇಣ ತೂರಿ ಹೊರಗೆ ಕಾಣಬೇಕು. ನಾಲ್ಕೂ ಕಾಣದಿದ್ದರೆ ಟ್ರೇ ಪೂರ್ತಿ ಕೂತಿಲ್ಲ ಅಂತ ಅರ್ಥ.

ಪುಟ್ಟಿ ಬೇಡ. ಪುಟ್ಟಿಯ ಒತ್ತಡ ಜಾಸ್ತಿ, ಜೋಡಿಸಿದ ರೆಸಿನ್‌ನ ತಳಕ್ಕೆ ಹರಿಯುವುದಿಲ್ಲ. ಸಿಲಿಕೋನ್ ಬಳಸುವುದಾದರೆ ಮೋನೋಫೇಸ್ (ಒಂದೇ ಮಧ್ಯಮ ದಪ್ಪದ್ದು), ಇಲ್ಲವೇ ಹೆವಿ ಬಾಡಿ ಜೊತೆ ಲೈಟ್ ಬಾಡಿ ತಗೊಳ್ಳಿ. ಹೊಸದಾಗಿ ಹಚ್ಚಿದ ರೆಸಿನ್ ಮೇಲೆ, ಲೈಟ್ ಕ್ಯೂರ್ ಟ್ರೇ ಮೇಲೆ ಒಂದು ಅಂಟಂಟು ಪದರ ಉಳಿದಿರುತ್ತದೆ, ಅದು ತಾಗಿದ ಕಡೆ ಅಡಿಷನ್ ಸಿಲಿಕೋನ್ ಸರಿಯಾಗಿ ಸೆಟ್ ಆಗುವುದಿಲ್ಲ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ. ಲೇಟೆಕ್ಸ್ ಗ್ಲೌಸ್ ಕೂಡ ಹಾಗೇ, ಅದರ ಗಂಧಕ ಸಿಲಿಕೋನಿನ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುತ್ತದೆ. ಆ ಕೈಯಲ್ಲಿ ಕೋಪಿಂಗ್ ಮುಟ್ಟಿದ್ದರೂ ಸಾಕು, ಅದರ ಸುತ್ತ ಜಿಗುಟು ಉಳಿಯುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿ. ಪಾಲಿಈಥರ್‌ಗೆ ಈ ಗಂಧಕದ ತೊಂದರೆ ಇಲ್ಲ.

ಮಲೆನಾಡು ದಂತ

ಓಪನ್ ಟ್ರೇ ಬಗ್ಗೆ ಒಂದು ಪ್ರಶ್ನೆ. ನಾಲ್ಕಕ್ಕೂ ಕ್ಲೋಸ್ಡ್ ಟ್ರೇಯಲ್ಲಿ ಚೆನ್ನಾಗಿ ಬಂದಿದೆ ಅನ್ನುವವರನ್ನು ನೋಡಿದ್ದೇನೆ. ನಿಜವಾಗಿ ಅಷ್ಟು ವ್ಯತ್ಯಾಸ ಇದೆಯಾ?

ಪ್ರಾಸ್ತೋ ಧಾರವಾಡ

2008ರಲ್ಲಿ ಲೀ ಮತ್ತಿತರರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಮೂರು ಅಥವಾ ಅದಕ್ಕಿಂತ ಕಡಿಮೆ ಇಂಪ್ಲಾಂಟ್ ಇದ್ದಾಗ ಎರಡೂ ವಿಧಾನ ಹೆಚ್ಚುಕಡಿಮೆ ಸಮ. ನಾಲ್ಕು ಅಥವಾ ಹೆಚ್ಚು ಇದ್ದಾಗ ಓಪನ್ ಟ್ರೇ ಪರವಾಗಿ ಅಧ್ಯಯನಗಳು ಹೆಚ್ಚು. 2014ರಲ್ಲಿ ಪಾಪಸ್ಪಿರಿಡಾಕೋಸ್ ಮತ್ತಿತರರು ಮಾಡಿದ ಇನ್ನೊಂದು ಸಮೀಕ್ಷೆಯಲ್ಲೂ ಜೋಡಿಸಿದ ವಿಧಾನವೇ ಮೇಲು ಅಂತ ಬಂತು. ಇಂಪ್ಲಾಂಟ್‌ಗಳು ವಾಲಿದ್ದರೆ ಕ್ಲೋಸ್ಡ್ ಟ್ರೇ ಎಳೆಯುವಾಗ ಮೆಟೀರಿಯಲ್ ಕೋಪಿಂಗ್ ಮೇಲಿಂದ ಅಡ್ಡಡ್ಡ ಎಳೆದುಕೊಂಡು ಬರುತ್ತದೆ, ಮತ್ತೆ ಕೋಪಿಂಗನ್ನು ನಾವು ಕೈಯಿಂದ ಅದೇ ತೂತಿಗೆ ತುರುಕಬೇಕು. ಅಲ್ಲಿ ತಪ್ಪಿಗೆ ಜಾಗ ಆಯಿತು. ಅದೇ ಪಾಲಿಈಥರ್ ಆಗಿದ್ದರೆ ಎಳೆಯುವಾಗ ಇನ್ನೂ ಕಷ್ಟ. ಅದರ ಬಿಗುವು ಓಪನ್ ಟ್ರೇಯಲ್ಲಿ ನಮಗೆ ಅನುಕೂಲ, ಕ್ಲೋಸ್ಡ್ ಟ್ರೇಯಲ್ಲಿ ತೊಂದರೆ.

ಹಳೇ ಬ್ಯಾಚ್

ಇಷ್ಟು ಹೊತ್ತು ಓದುತ್ತಿದ್ದೆ. ಹೊಸಬರು ಇದನ್ನೆಲ್ಲ ಓದಿ ಹೆದರಬಾರದು ಅಂತ ಬರೆಯುತ್ತಿದ್ದೇನೆ.

ಬ್ರಿಡ್ಜ್‌ನಲ್ಲಿ ಎಷ್ಟು ತಪ್ಪನ್ನು ಒಪ್ಪಬಹುದು ಅನ್ನುವುದಕ್ಕೆ, ಇಂಪ್ಲಾಂಟ್ ವಿಧಾನ ಕಟ್ಟಿದ ಬ್ರೋನೆಮಾರ್ಕ್ 1983ರಲ್ಲಿ 10 ಮೈಕ್ರಾನ್ ಅಂದರು. ಯೆಮ್ಟ್ 1991ರಲ್ಲಿ 150 ಮೈಕ್ರಾನ್‌ವರೆಗೆ ಪರವಾಗಿಲ್ಲ ಅಂದರು. ಎಷ್ಟು ದೂರ ನೋಡಿ ಎರಡಕ್ಕೂ! 1996ರಲ್ಲಿ ಯೆಮ್ಟ್ ಮತ್ತು ಬುಕ್ ನಿಜವಾದ ಪೇಷಂಟ್‌ಗಳ ಬ್ರಿಡ್ಜ್‌ಗಳನ್ನು ಅಳೆದರು. ಪೂರ್ತಿ ಒತ್ತಡವಿಲ್ಲದೆ ಕೂತ ಬ್ರಿಡ್ಜ್ ಒಂದೂ ಇರಲಿಲ್ಲ. ಸರಾಸರಿ ತಪ್ಪು 100 ಮೈಕ್ರಾನ್ ಆಸುಪಾಸು. ಆದರೂ ಆ ತಪ್ಪಿಗೂ ಮೂಳೆ ಸವೆತಕ್ಕೂ ಸಂಬಂಧ ಕಾಣಲಿಲ್ಲ. ಮೇಲಿಂದ, ಕೋಪಿಂಗ್, ಅನಲಾಗ್, ಅಬಟ್‌ಮೆಂಟ್ ಇವುಗಳ ನಡುವೆಯೇ ತಯಾರಿಕೆಯ ಆಟ ಇರುತ್ತದೆ. 1997ರಲ್ಲಿ ಅಳೆದಾಗ ಅದು 22ರಿಂದ 100 ಮೈಕ್ರಾನ್ ಇತ್ತು. ಇಂಪ್ರೆಶನ್ ದೇವರೇ ತೆಗೆದರೂ ಆ ಆಟ ಹೋಗುವುದಿಲ್ಲ. ಅದಕ್ಕೇ ಹೇಳುವುದು, ಆದಷ್ಟು ಒಂದೇ ಕಂಪನಿಯ ಒರಿಜಿನಲ್ ಕೋಪಿಂಗ್, ಅನಲಾಗ್ ಬಳಸಿ. ಅಗ್ಗದ "ಕಾಂಪ್ಯಾಟಿಬಲ್" ಅನಲಾಗ್ ಹಾಕಿ ದುಬಾರಿ ಪಾಲಿಈಥರ್ ತಗೊಂಡು ಏನು ಬಂತು?

ಪ್ರಾಸ್ತೋ ಧಾರವಾಡ

ಸರ್, ನೀವು ಹೇಳಿದ ಅಧ್ಯಯನ ಸರಿ. ಮೂಳೆ ತಡೆದುಕೊಳ್ಳುತ್ತದೆ. ಸ್ಕ್ರೂ ತಡೆದುಕೊಳ್ಳುವುದಿಲ್ಲ. ಪದೇ ಪದೇ ಸಡಿಲಾಗುವ ಸ್ಕ್ರೂ, ಒಳಗೇ ಮುರಿದ ಸ್ಕ್ರೂ, ಚಕ್ಕೆ ಏಳುವ ಪೋರ್ಸಲಿನ್, ಇವೇ ನಮ್ಮ ಹತ್ತಿರ ಬರುವ ದೂರುಗಳು. ದೂರದ ಹಳ್ಳಿಯಿಂದ ಬರುವವರಿಗೆ ಒಂದು ಸಡಿಲ ಸ್ಕ್ರೂ ಅಂದರೂ ಒಂದು ದಿನದ ಕೂಲಿ ಹೋದ ಹಾಗೆ. ಹೆದರಬೇಡಿ ಅನ್ನುವುದನ್ನು ಒಪ್ಪುತ್ತೇನೆ. ಪರವಾಗಿಲ್ಲ ಅನ್ನುವುದನ್ನು ಒಪ್ಪುವುದಿಲ್ಲ.

ಹಳೇ ಬ್ಯಾಚ್

ಆ ಮಾತು ಒಪ್ಪಿದೆ. ನನ್ನ ಉದ್ದೇಶವೂ "ಪರವಾಗಿಲ್ಲ" ಅನ್ನುವುದಲ್ಲ.

ದುರ್ಗದ ಡಾಕ್ಟರ್

ಮೋನೋಫೇಸ್ ಅಡಿಷನ್ ಸಿಲಿಕೋನ್ ತರಿಸಿದ್ದೇನೆ. ಉಳಿದ ಹಣದಲ್ಲಿ ಒರಿಜಿನಲ್ ಅನಲಾಗ್ ಮತ್ತು ಅಕ್ರಿಲಿಕ್ ಟ್ರೇ. ಹಿಂದಿನ ದಿನವೇ ಜೋಡಿಸಿ ಕತ್ತರಿಸಿಟ್ಟುಕೊಳ್ಳುತ್ತೇನೆ. ಲ್ಯಾಬ್ ಸರ್, ಜಿಗ್ ವಿಷಯ ನೀವೇ ಹೇಳಿ. ಜಿಗ್ ಬಾಯಲ್ಲಿ ಸರಿ ಕೂರದಿದ್ದರೆ ಇಂಪ್ರೆಶನ್ ಮತ್ತೆ ಮೊದಲಿಂದ ತೆಗೆಯಬೇಕಾ?

ಲ್ಯಾಬ್ ಕಡೆಯಿಂದ

ಬೇಡ ಸರ್. ಜಿಗ್ ಇರುವುದೇ ಅದಕ್ಕೆ.

ನಿಮ್ಮ ಮಾಡೆಲ್ ಮೇಲೆ ನಾಲ್ಕು ಸಿಲಿಂಡರ್ ಕೂರಿಸಿ ರೆಸಿನ್‌ನಲ್ಲಿ ಜೋಡಿಸಿ ಕಳಿಸುತ್ತೇನೆ. ನೀವು ಬಾಯಲ್ಲಿಟ್ಟು ಒಂದು ತುದಿಯ ಸ್ಕ್ರೂ ಮಾತ್ರ ಹಾಕಿ. ಒಂದೇ. ಉಳಿದ ಮೂರನ್ನು ಮುಟ್ಟಬೇಡಿ. ಈಗ ಇನ್ನೊಂದು ತುದಿಯನ್ನು ಕಣ್ಣಲ್ಲಿ ನೋಡಿ, ಆರ್‌ವಿಜಿ ತೆಗೆದು ನೋಡಿ. ಆರ್‌ವಿಜಿ ನೇರವಾಗಿ ಬರಬೇಕು, ಓರೆಯಾಗಿ ತೆಗೆದರೆ ಸಂದು ಮುಚ್ಚಿದ ಹಾಗೆ ಕಾಣುತ್ತದೆ. ಜಿಗ್ ಎದ್ದಿದ್ದರೆ ಅಥವಾ ಬೆರಳಿಟ್ಟಾಗ ಕುಪ್ಪಳಿಸಿದರೆ ತಪ್ಪಿದೆ. ಆಮೇಲೆ ಆ ಸ್ಕ್ರೂ ತೆಗೆದು ಎದುರು ತುದಿಯಲ್ಲಿ ಹಾಕಿ ಹಾಗೇ ನೋಡಿ. ಎಲ್ಲ ಸ್ಕ್ರೂ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ರೆಸಿನ್ ಬಾಗಿ ಕೂತುಬಿಡುತ್ತದೆ. ಕೆಲವು ಡಾಕ್ಟರ್‌ಗಳು ಇಂಪ್ರೆಶನ್ ಪ್ಲಾಸ್ಟರ್‌ನಲ್ಲಿ ಜಿಗ್ ಮಾಡಿಸುತ್ತಾರೆ. ಪ್ಲಾಸ್ಟರ್ ಬಾಗುವುದಿಲ್ಲ, ಮಾಡೆಲ್ ತಪ್ಪಿದ್ದರೆ ಸ್ಕ್ರೂ ಬಿಗಿಯಾಗುತ್ತಲೇ ಟಕ್ ಅಂತ ಬಿರುಕು ಬಿಡುತ್ತದೆ. ಬೇಕಿದ್ದರೆ ಹಾಗೂ ಮಾಡಿಕೊಡುತ್ತೇನೆ.

ತಪ್ಪಿದ್ದ ಕಡೆ ಜಿಗ್ ಕತ್ತರಿಸಿ, ಬಾಯಲ್ಲೇ ಎಲ್ಲ ಸ್ಕ್ರೂ ಕೈಬಿಗಿ ಹಾಕಿ, ಹನಿ ರೆಸಿನ್‌ನಲ್ಲಿ ಮತ್ತೆ ಜೋಡಿಸಿ ನನಗೆ ಕಳಿಸಿ. ಯಾವ ಅನಲಾಗ್ ತಪ್ಪಿದೆಯೋ ಅದನ್ನು ಮಾಡೆಲ್‌ನಿಂದ ಕೊರೆದು ತೆಗೆದು, ಜಿಗ್‌ಗೆ ಕಟ್ಟಿ, ಸ್ವಲ್ಪ ಸ್ಟೋನ್ ಹಾಕಿ ಹೊಸದಾಗಿ ಕೂರಿಸುತ್ತೇನೆ. ಫ್ರೇಮ್‌ವರ್ಕ್ ಕೆಲಸ ಅದರ ನಂತರವೇ ಶುರು. ಜಿಗ್ ಜೊತೆ ಬಳಸಿದ ಸ್ಕ್ರೂಗಳನ್ನೂ ಒಂದು ಸಣ್ಣ ಕವರಿನಲ್ಲಿ ಹಾಕಿ, ಎಲ್ಲಿ ಕತ್ತರಿಸಿದಿರಿ ಅಂತ ಪೆನ್ನಿನಲ್ಲಿ ಗುರುತು ಮಾಡಿ ಕಳಿಸಿ.